ಕಿಟ್ ಬಂತು, ಬ್ಯಾರೆಲ್ ಬರಲಿಲ್ಲ: ಹಳೆಯ ಮಿಲಿಟರಿ ರೈಫಲ್‌ಗಳ ಬಿಡಿಭಾಗಗಳ ಕುರಿತು ಓದುಗರ ಪ್ರಶ್ನೆಗಳು

ಸೇನೆಗಳು ಕೈಬಿಟ್ಟ ರೈಫಲ್‌ಗಳ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದಲ್ಲಿರುವ ಕನ್ನಡಿಗರವು. ರೈಫಲನ್ನು ಬಿಚ್ಚಿ, ಮುಖ್ಯ ಭಾಗವನ್ನು ಕತ್ತರಿಸಿ, ಉಳಿದದ್ದನ್ನು ‘ಪಾರ್ಟ್ಸ್ ಕಿಟ್’ ಎಂದು ಅಂಗಡಿಯಲ್ಲಿ ಮಾರುವ ಪದ್ಧತಿ ಬೆಳೆದದ್ದು ಆ ದೇಶದಲ್ಲೇ. ಈ ಸಲ ಊರಿನಿಂದಲೂ ಎರಡು ಪ್ರಶ್ನೆ ಬಂದಿವೆ. ಅವುಗಳ ಉತ್ತರ ಬೇರೆಯೇ ಆದ್ದರಿಂದ ಕೊನೆಗೆ ಇಟ್ಟುಕೊಂಡಿದ್ದೇನೆ.

ನಮ್ಮ ತಂದೆ ಭಾರತೀಯ ಸೇನೆಯ ಎಸ್‌ಎಲ್‌ಆರ್ ರೈಫಲ್ ಹಿಡಿದು 1971ರ ಯುದ್ಧ ಮಾಡಿದವರು. ಅವರ ನೆನಪಿಗೆ ಅದೇ ಜಾತಿಯ, ಬೆಲ್ಜಿಯಂ ಮೂಲದ ಎಫ್‌ಎಎಲ್ ರೈಫಲಿನ ಕಿಟ್ ಒಂದನ್ನು ಕೊಳ್ಳಬೇಕೆಂದು ಬಹಳ ದಿನದಿಂದ ಹುಡುಕುತ್ತಿದ್ದೇನೆ. ಸಿಕ್ಕರೆ ಬ್ಯಾರೆಲ್ ಇರುವುದಿಲ್ಲ, ಬ್ಯಾರೆಲ್ ಇದ್ದರೆ ಬೆಲೆ ಕೇಳುವಂತಿಲ್ಲ. ಹಿಂದೆ ರಾಶಿ ರಾಶಿ ಬರುತ್ತಿತ್ತಂತಲ್ಲ, ಏನಾಯಿತು? ನಾನು ಅಮೆರಿಕದ ಪ್ರಜೆ. — ಒಹಾಯೊದಿಂದ ಒಬ್ಬ ಓದುಗರು

ಮಾಲು ಮುಗಿದದ್ದು ಒಂದು ಕಾರಣ, ನಿಜ. ಆದರೆ ಈ ಅಭಾವದ ಹೆಚ್ಚಿನ ಪಾಲು ಕಾನೂನು ಹುಟ್ಟಿಸಿದ್ದು. ಕಿಟ್ ಎಂಬ ಸರಕನ್ನೇ ಹುಟ್ಟಿಸಿದ್ದೂ ಕಾನೂನೇ.

1963ರಲ್ಲಿ ಅಧ್ಯಕ್ಷ ಕೆನಡಿಯವರನ್ನು ಕೊಂದ ರೈಫಲ್ ಇಟಲಿಯ ಸೇನೆಯ ಹಳೆಯ ಕಾರ್ಕಾನೊ. ಅಂಚೆಯಲ್ಲಿ ಹಣ ಕಳಿಸಿ ತರಿಸಿಕೊಂಡದ್ದು. ಐದು ವರ್ಷದ ನಂತರ, 1968ರ ಗನ್ ಕಂಟ್ರೋಲ್ ಆಕ್ಟ್ ಅಂಚೆ ವ್ಯಾಪಾರವನ್ನು ನಿಲ್ಲಿಸಿತು. ವಿದೇಶಿ ಸೇನೆಗಳ ಹಳೆಯ ಬಂದೂಕುಗಳ ಆಮದಿಗೂ ಬಾಗಿಲು ಹಾಕಿತು. 1984ರಲ್ಲಿ ಆ ಬಾಗಿಲು ಸ್ವಲ್ಪ ತೆರೆಯಿತು: ಸಂಗ್ರಹಕಾರರ ‘ಕ್ಯೂರಿಯೋ ಅಂಡ್ ರೆಲಿಕ್’ ವರ್ಗಕ್ಕೆ ಸೇರುವ, ಸಾಮಾನ್ಯವಾಗಿ 50 ವರ್ಷ ದಾಟಿದ ಬಂದೂಕುಗಳನ್ನು ತರಬಹುದು ಎಂದಾಯಿತು. ಎಫ್‌ಎಎಲ್‌ನಂಥ, ಸ್ವಯಂಚಾಲಿತವಾಗಿ ಗುಂಡು ಹಾರಿಸಬಲ್ಲ ರೈಫಲ್‌ಗಳಿಗೆ ಆ ಸಂದಿಯೂ ಸಾಲದು.

ವ್ಯಾಪಾರಿಗಳು ಹಿಡಿದ ದಾರಿ ಇದು. ಅಮೆರಿಕದ ಕಾನೂನಿನ ಕಣ್ಣಿಗೆ ಬಂದೂಕು ಎಂದರೆ ರಿಸೀವರ್, ಅಂದರೆ ಕ್ರಮಸಂಖ್ಯೆ ಕೆತ್ತಿರುವ ನಡುವಿನ ಉಕ್ಕಿನ ಗೂಡು. ಉಳಿದದ್ದೆಲ್ಲ ಬರೀ ಬಿಡಿಭಾಗ. ಆದ್ದರಿಂದ ರಿಸೀವರನ್ನು ಗ್ಯಾಸ್ ಕಟರ್‌ನಲ್ಲಿ ಸುಟ್ಟು ತುಂಡರಿಸಿ, ಉಳಿದದ್ದನ್ನು ಒಳಗೆ ತಂದರು. ಕಿಟ್‌ನ ಜೊತೆ ಕೆಲವೊಮ್ಮೆ ಕರಗಿದ ಅಂಚಿನ ಕಪ್ಪು ತುಂಡುಗಳು ಬರುತ್ತವಲ್ಲ, ಅವು ಆ ರಿಸೀವರಿನ ಅವಶೇಷ. ಎಫ್‌ಎಎಲ್‌ನದೇ ರೂಪಗಳಾದ ಆಸ್ಟ್ರಿಯಾದ ಎಸ್‌ಟಿಜಿ-58, ಬ್ರೆಜಿಲ್‌ನ ಇಂಬೆಲ್, ಬ್ರಿಟಿಷ್ ಎಲ್1ಎ1 ಎಲ್ಲ ಹೀಗೆ ಬಂದವು, ಬ್ಯಾರೆಲ್ ಸಮೇತ.

ಆಮೇಲೆ ಹಗ್ಗ ಬಿಗಿಯಾಗುತ್ತ ಹೋಯಿತು. 1989ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಶಾಲೆಯಲ್ಲಿ ಮಕ್ಕಳ ಮೇಲೆ ಗುಂಡು ಹಾರಿತು; ಅದೇ ವರ್ಷ 43 ಮಾದರಿಯ ಅರೆ-ಸ್ವಯಂಚಾಲಿತ ರೈಫಲ್‌ಗಳ ಆಮದು ನಿಂತಿತು. 1990ರಲ್ಲಿ ಬಂದ, ಫೆಡರಲ್ ಬಂದೂಕು ಕಾನೂನಿನ 922(ಆರ್) ಕಲಮಿನ ನಿಯಮದ ಪ್ರಕಾರ, ಇಂಥ ರೈಫಲ್ ಜೋಡಿಸುವಾಗ ಪಟ್ಟಿ ಮಾಡಿದ 20 ಭಾಗಗಳಲ್ಲಿ ವಿದೇಶಿ ಭಾಗಗಳು 10ನ್ನು ಮೀರುವಂತಿಲ್ಲ. ದೊಡ್ಡ ಪೆಟ್ಟು ಬಿದ್ದದ್ದು 2005ರಲ್ಲಿ. ಆಮದಿಗೆ ಅವಕಾಶವಿಲ್ಲದ ರೈಫಲಿನ ಬ್ಯಾರೆಲನ್ನು ಬಿಡಿಭಾಗವಾಗಿಯೂ ತರುವಂತಿಲ್ಲ ಎಂದು ಬಂದೂಕು ವ್ಯವಹಾರ ನೋಡಿಕೊಳ್ಳುವ ಫೆಡರಲ್ ಇಲಾಖೆ ಎಟಿಎಫ್ ಹೇಳಿತು. ನಿಮಗೆ ಕಾಣುತ್ತಿರುವ ಬೆಲೆಯ ಅಂತರ ಇಲ್ಲಿಂದಲೇ. ಮೂಲ ಬ್ಯಾರೆಲ್ ಇರುವ ಕಿಟ್ ಎಂದರೆ ಅದು ಅದಕ್ಕೂ ಮೊದಲೇ ಬಂದಿಳಿದ ಮಾಲು. ಹೊಸದಾಗಿ ಸೇರುವುದಿಲ್ಲ, ಕೈಯಿಂದ ಕೈಗೆ ದಾಟುತ್ತದೆ ಅಷ್ಟೇ.

ಈಗ ನಿಮ್ಮ ತಂದೆಯವರ ವಿಷಯ. ಭಾರತದ ಎಸ್‌ಎಲ್‌ಆರ್ ಪಶ್ಚಿಮ ಬಂಗಾಳದ ಇಷಾಪುರದಲ್ಲಿ ತಯಾರಾದದ್ದು. ಎಫ್‌ಎಎಲ್ ವಂಶದಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದ್ದು ಇಂಚಿನ ಅಳತೆ, ಉಳಿದ ಹೆಚ್ಚಿನವು ಮೆಟ್ರಿಕ್. ನಮ್ಮದು ಎರಡರ ನಡುವಿನ ಕೂಸು. ಎಷ್ಟೋ ಭಾಗ ಅತ್ತಲೂ ಕೂರುವುದಿಲ್ಲ, ಇತ್ತಲೂ ಕೂರುವುದಿಲ್ಲ. ಹಾಗಾಗಿ ‘ತಂದೆಯವರದ್ದೇ ರೈಫಲ್’ ಬೇಕೆಂಬ ಹಟ ಬಿಡಿ. ನೋಟಕ್ಕೆ ಹತ್ತಿರವಾದ ಎಲ್1ಎ1 ಕಿಟ್ ಬ್ಯಾರೆಲ್ ಇಲ್ಲದೆ ಸಿಕ್ಕರೂ ತೆಗೆದುಕೊಳ್ಳಿ. ಗುಂಡು ಹಾರಿಸಲು ಎಂದೂ ಬಾರದ ಡಮ್ಮಿ ರಿಸೀವರ್ ಹಾಕಿ ಗೋಡೆಯ ಮೇಲಿಡಿ. ಗುರಿ ಅಭ್ಯಾಸಕ್ಕೂ ಬೇಕು ಎಂದರೆ, ಯಾರೋ ಸರಿಯಾಗಿ ಜೋಡಿಸಿ ದಾಖಲೆ ಮಾಡಿದ ಇಡೀ ರೈಫಲನ್ನು ಪರವಾನಗಿ ಇರುವ ಡೀಲರ್ ಮೂಲಕ ಕೊಳ್ಳಿ. ಲೆಕ್ಕ ಹಾಕಿ ನೋಡಿದರೆ ಬಹಳ ಸಲ ಅದೇ ಅಗ್ಗ. ಅರ್ಧ ತಯಾರಾದ ರಿಸೀವರ್ ತರಿಸಿ ಮನೆಯಲ್ಲೇ ಮುಗಿಸುವ ಆಲೋಚನೆ ಬೇಡ. ಅಂಥ ಹಲವನ್ನು ಬಂದೂಕೆಂದೇ ಎಣಿಸುವ 2022ರ ನಿಯಮವನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ. ಕೆಲವು ರಾಜ್ಯಗಳ ಕಾನೂನು ಇನ್ನೂ ಕಠಿಣ.

ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಸಹೋದ್ಯೋಗಿ ಒಬ್ಬರು ಬ್ರಿಟಿಷ್ ಸೇನೆಯ ಹಳೆಯ ಎನ್‌ಫೀಲ್ಡ್ ರೈಫಲಿನ ಭಾಗಗಳನ್ನು ಕೊಡುತ್ತೇನೆ ಎನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದೇ? — ನ್ಯೂಜೆರ್ಸಿ

ರಿಸೀವರ್ ಇದ್ದರೆ ಮುಟ್ಟಬೇಡಿ. ವಲಸಿಗರಲ್ಲದ ವೀಸಾದಲ್ಲಿ ಇರುವವರು ಬಂದೂಕನ್ನಾಗಲಿ ತೋಟಾಗಳನ್ನಾಗಲಿ ಇಟ್ಟುಕೊಳ್ಳುವುದು ಫೆಡರಲ್ ಅಪರಾಧ. ಬೇಟೆ ಲೈಸನ್ಸ್ ಇದ್ದವರಿಗೆ ವಿನಾಯಿತಿ ಇದೆ, ಹೌದು. ಆದರೆ ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತಿರುವವರು ಅದನ್ನು ನೆಚ್ಚಿಕೊಂಡು ಮುಂದುವರಿಯುವ ಮೊದಲು ವಲಸೆ ವಕೀಲರನ್ನು ಕೇಳಲೇಬೇಕು. ಮರದ ಹಿಡಿ, ಚರ್ಮದ ಪಟ್ಟಿ, ಬಯೊನೆಟ್‌ನ ಒರೆ ಇಷ್ಟರಲ್ಲೇ ನಿಮ್ಮ ಆಸೆ ತೀರಿಸಿಕೊಳ್ಳಿ ಎಂಬುದು ನನ್ನ ಮಾತು. ಕೆನಡಾದಿಂದಲೋ ಇಂಗ್ಲೆಂಡಿನಿಂದಲೋ ಬೋಲ್ಟ್ (ತೋಟಾವನ್ನು ಒಳಗೆ ಕೂರಿಸಿ ಹಿಂದಿನಿಂದ ಮುಚ್ಚುವ ಭಾಗ) ತರಿಸುವ ಯೋಚನೆಯೂ ಬೇಡ. ರೈಫಲಿನ ಭಾಗ ಅಮೆರಿಕದ ಗಡಿ ದಾಟಿ ಒಳಬರಲು ಎಟಿಎಫ್‌ನ ಫಾರಂ 6 ಮೊದಲೇ ಮಂಜೂರಾಗಿರಬೇಕು.

‘ಎಲ್ಲ ನಂಬರ್ ಮ್ಯಾಚಿಂಗ್’, ಅಂದರೆ ಎಲ್ಲ ಭಾಗದ ಮೇಲೂ ಒಂದೇ ಕ್ರಮಸಂಖ್ಯೆ, ಎಂದು ಬರೆದ ಒಂದು ಎಂ1 ಗ್ಯಾರಂಡ್ (ಎರಡನೇ ಮಹಾಯುದ್ಧದ ಅಮೆರಿಕನ್ ಸೇನೆಯ ರೈಫಲ್) ಮತ್ತು ಭಾರತದ ಒಂದು ಇಷಾಪುರ 2ಎ1, ಎರಡಕ್ಕೂ ಹೆಚ್ಚಿನ ಬೆಲೆ ಹೇಳುತ್ತಿದ್ದಾರೆ. ನಂಬುವುದು ಹೇಗೆ? — ವಾಷಿಂಗ್ಟನ್ ರಾಜ್ಯದಿಂದ

ಗ್ಯಾರಂಡ್ ವಿಷಯದಲ್ಲಿ ಆ ಮಾತು ಕೇಳಿದ ಕೂಡಲೇ ಒಂದು ಹೆಜ್ಜೆ ಹಿಂದೆ ಸರಿಯಿರಿ. ಗ್ಯಾರಂಡ್‌ನಲ್ಲಿ ಕ್ರಮಸಂಖ್ಯೆ ಇರುವುದು ರಿಸೀವರ್ ಒಂದರ ಮೇಲೆ ಮಾತ್ರ. ಬೋಲ್ಟ್, ಆಪರೇಟಿಂಗ್ ರಾಡ್, ಟ್ರಿಗರ್ ಹೌಸಿಂಗ್ ಮೇಲಿರುವುದು ಆ ಭಾಗದ ವಿನ್ಯಾಸ ನಕ್ಷೆಯ ಸಂಖ್ಯೆ ಮತ್ತು ತಯಾರಕರ ಅಕ್ಷರಗಳು: ಸ್ಪ್ರಿಂಗ್‌ಫೀಲ್ಡ್‌ಗೆ ಎಸ್‌ಎ, ವಿಂಚೆಸ್ಟರ್‌ಗೆ ಡಬ್ಲ್ಯುಆರ್‌ಎ, ಯುದ್ಧಾನಂತರದ ಹ್ಯಾರಿಂಗ್ಟನ್ ಅಂಡ್ ರಿಚರ್ಡ್‌ಸನ್‌ಗೆ ಎಚ್‌ಆರ್‌ಎ, ಟ್ರ್ಯಾಕ್ಟರ್ ಮಾಡುತ್ತಿದ್ದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ಗೆ ಐಎಚ್‌ಸಿ. ಅಂದರೆ ಮ್ಯಾಚ್ ಆಗಲು ನಂಬರೇ ಇಲ್ಲ. ಮಾರುವವರು ಹೇಳಬಯಸುವುದು ಎಲ್ಲ ಭಾಗವೂ ಒಂದೇ ಕಾರ್ಖಾನೆಯ, ಒಂದೇ ಕಾಲದವು ಎಂದಿರಬಹುದು. ಅದೂ ಅಪರೂಪ. ಯುದ್ಧದ ನಂತರ ಈ ರೈಫಲ್‌ಗಳನ್ನು ಆಯುಧ ಡಿಪೋಗಳಲ್ಲಿ ಬಿಚ್ಚಿ, ತೊಳೆದು, ಕೈಗೆ ಸಿಕ್ಕ ಭಾಗ ಹಾಕಿ ಮತ್ತೆ ಕಟ್ಟಿದ್ದರು. ಭಾಗಗಳು ಬೆರೆತಿರುವುದೇ ಸಹಜ ಸ್ಥಿತಿ. ಪೂರ್ತಿ ‘ಸರಿಯಾದ’ ಗ್ಯಾರಂಡ್ ಕಂಡರೆ, ಅದು ಕಾರ್ಖಾನೆಯ ಕೆಲಸವೋ ಇತ್ತೀಚಿನ ಸಂಗ್ರಹಕಾರರ ಕೆಲಸವೋ ಎಂದು ಕೇಳಬೇಕು.

ಬೋಲ್ಟನ್ನು ಹಿಂದಕ್ಕೆಳೆದು ನಿಲ್ಲಿಸಿ, ರೈಫಲ್ ಖಾಲಿಯಿದೆ ಎಂದು ಎರಡು ಸಲ ನೋಡಿ, ಬ್ಯಾರೆಲಿನ ಬಲಮಗ್ಗುಲನ್ನು ಬೆಳಕಿಗೆ ಹಿಡಿಯಿರಿ. ಅಲ್ಲಿ ಸಾಮಾನ್ಯವಾಗಿ ತಯಾರಕರ ಅಕ್ಷರ, ತಿಂಗಳು, ವರ್ಷ ಕಾಣುತ್ತದೆ. ರಿಸೀವರ್ 1943ರದ್ದಾಗಿ ಬ್ಯಾರೆಲ್ 1950ರ ದಶಕದ್ದಾದರೆ ಮೋಸವೆಂದಲ್ಲ. ರೈಫಲ್ ಡಿಪೋದಲ್ಲಿ ಮರುಜನ್ಮ ಪಡೆದಿದೆ ಎಂದರ್ಥ, ಬೆಲೆ ಅದಕ್ಕೆ ತಕ್ಕಂತಿರಬೇಕು. ಇದಕ್ಕಿಂತ ಮುಖ್ಯವಾದದ್ದು ರಿಸೀವರಿನ ಮೈ. 1950, 60ರ ದಶಕಗಳಲ್ಲಿ ಗುಜರಿಗೆ ಹೋದ ತುಂಡು ರಿಸೀವರ್‌ಗಳನ್ನು ಬೆಸುಗೆ ಹಾಕಿ ಮಾರಿದವರಿದ್ದಾರೆ. ನಡುಮೈಯಲ್ಲಿ ಬಣ್ಣ ಬದಲಾದ ಪಟ್ಟಿ, ಅರದಿಂದ ಉಜ್ಜಿದ ಗೆರೆ, ಎರಡು ಅರ್ಧಗಳಲ್ಲಿ ಬೇರೆ ಬೇರೆ ಹೊಳಪು ಕಂಡರೆ ವಾಪಸ್ ಕೊಟ್ಟು ಬನ್ನಿ. ಗ್ಯಾರಂಡ್ ಬೇಕೇಬೇಕು ಎನ್ನುವ ಅಮೆರಿಕದ ಪ್ರಜೆಗೆ ನಾನು ಮೊದಲು ತೋರಿಸುವ ಬಾಗಿಲು, ಸೇನೆಯ ಹಳೆಯ ರೈಫಲ್‌ಗಳನ್ನು ನಾಗರಿಕರಿಗೆ ಮಾರುವ ಸಂಸ್ಥೆಯಾದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂನದು. ಅಲಬಾಮಾದ ಆನಿಸ್ಟನ್‌ನಲ್ಲಿ ಅದರ ಮಳಿಗೆ ಇದೆ; ಫಿಲಿಪ್ಪೀನ್ಸ್‌ನಿಂದ ಮರಳಿ ಬಂದ ರೈಫಲ್‌ಗಳೂ ಅಲ್ಲಿಂದ ಮಾರಾಟವಾಗಿವೆ. ಅಲ್ಲಿ ಏನು ಬರೆದಿದೆಯೋ ಅದೇ ಸಿಗುತ್ತದೆ.

ಇಷಾಪುರದ್ದು ಬೇರೆ ಕಥೆ. ಅದು ಸೇರುವ ಎನ್‌ಫೀಲ್ಡ್ ಮನೆತನದಲ್ಲಿ ರಿಸೀವರಿನ ನಂಬರನ್ನೇ ಬೋಲ್ಟ್‌ನ ಹಿಡಿಕೆಯ ಬುಡದಲ್ಲೂ ಹೊಡೆದಿರುತ್ತಾರೆ, ಏಕೆಂದರೆ ಬೋಲ್ಟನ್ನು ಆ ರಿಸೀವರಿಗೇ ಕೂರಿಸಿ ತಾಳೆ ನೋಡಿರುತ್ತಾರೆ. ಇಲ್ಲಿ ಮ್ಯಾಚಿಂಗ್ ಎಂಬುದಕ್ಕೆ ಅರ್ಥವಿದೆ, ಅದು ನಿಮ್ಮ ಮುಖದ ಸುರಕ್ಷತೆಯ ಪ್ರಶ್ನೆಯೂ ಹೌದು. ನಂಬರ್ ಬೇರೆಯಾಗಿದ್ದರೆ ಗನ್‌ಸ್ಮಿತ್ ಒಬ್ಬರು ಗೇಜ್ ಹಾಕಿ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾಕ್ಕೆ ಉಳಿಯುವ ಜಾಗ) ನೋಡುವವರೆಗೆ ಒಂದು ತೋಟಾವನ್ನೂ ಹಾಕಬೇಡಿ. ಹಳೆಯ .303 ರೈಫಲ್‌ನ ಬಾಯಿ ಕೊರೆದು 2ಎ1 ಮಾಡಿದರು ಎಂದು ಕೆಲವರು ಹೇಳುವುದು ಸುಳ್ಳು. 1962ರ ಚೀನಾ ಯುದ್ಧದ ನಂತರ, 7.62 ತೋಟಾಕ್ಕೆಂದೇ ಹೆಚ್ಚು ಗಟ್ಟಿಯಾದ ಉಕ್ಕಿನಲ್ಲಿ ಹೊಸದಾಗಿ ಮಾಡಿದ ರೈಫಲ್ ಅದು. ದೂರಕ್ಕೆ ತಕ್ಕಂತೆ ಗುರಿ ಹೊಂದಿಸುವ ಗುರಿಪಟ್ಟಿಯ ಮೇಲಿನ ಅಂಕಿ 2000ದವರೆಗೆ ಇದ್ದರೆ ಅದರ ಮೊದಲ ರೂಪವಾದ 2ಎ, 800ಕ್ಕೇ ನಿಂತಿದ್ದರೆ 2ಎ1. ಮುಂಭಾಗದ ಮರಕ್ಕೆ ಅಡ್ಡಲಾಗಿ ಹಾಕಿದ ಬಲಪಡಿಸುವ ಸ್ಕ್ರೂ ಕಂಡು ‘ಯಾರೋ ರಿಪೇರಿ ಮಾಡಿದ್ದಾರೆ’ ಎಂದು ಬೆಲೆ ಇಳಿಸಲು ಹೋಗಬೇಡಿ. ಅದು ಕಾರ್ಖಾನೆಯದೇ ಗುರುತು, ಸಂಗ್ರಹಕಾರರು ಅದನ್ನು ‘ಇಷಾಪುರ ಸ್ಕ್ರೂ’ ಎಂದೇ ಕರೆಯುತ್ತಾರೆ. ಚೌಕನೆಯ ಬುಡದ 12 ತೋಟಾದ ಮ್ಯಾಗಜಿನ್ ಜೊತೆಗಿದೆಯೇ ನೋಡಿ. ಅದೊಂದು ಇಲ್ಲದಿದ್ದರೆ ಬೇರೆಯಾಗಿ ಹುಡುಕುವಷ್ಟರಲ್ಲಿ ಸಾಕುಸಾಕಾಗುತ್ತದೆ.

ಒಂದು ಸಿಟ್ಟಿನ ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಿಡಿಭಾಗದ ಬೆಲೆ ಏರಿದೆ ಎಂದು ಚೆನ್ನಾಗಿರುವ ಇಡೀ ರೈಫಲ್‌ಗಳನ್ನೇ ಬಿಚ್ಚಿ ಚಿಲ್ಲರೆಯಾಗಿ ಮಾರುವವರು ಹೆಚ್ಚಾಗಿದ್ದಾರೆ. ಅಂಥವರಿಂದ ಕೊಳ್ಳುವ ಪ್ರತಿ ಬೋಲ್ಟೂ ಇನ್ನೊಂದು ಮ್ಯಾಚಿಂಗ್ ರೈಫಲನ್ನು ಕೊಂದಿರುತ್ತದೆ.

ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದಾಗ .303 ಹಿಡಿದು ಪರೇಡ್ ಮಾಡಿದವನು ನಾನು. ಟೆಕ್ಸಾಸ್‌ನಲ್ಲಿರುವ ಅಣ್ಣನ ಮಗ ಅದರ ಭಾಗಗಳನ್ನು ಸೂಟ್‌ಕೇಸ್‌ನಲ್ಲಿ ತಂದುಕೊಡುತ್ತೇನೆ ಎನ್ನುತ್ತಾನೆ. ಹಾಲ್‌ನಲ್ಲಿ ಅಲಂಕಾರಕ್ಕೆ ಇಡಬಹುದಲ್ಲವೇ? — ಮೈಸೂರು

ಬೇಡ ಸಾರ್. ದಯವಿಟ್ಟು ಇವತ್ತೇ ಅವನಿಗೆ ಫೋನ್ ಮಾಡಿ ಬೇಡವೆನ್ನಿ. ಅಲ್ಲಿ ಬಿಡಿಭಾಗ ಬಂದೂಕಲ್ಲದಿರಬಹುದು. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆ ‘ಆಯುಧ’ ಎಂಬುದರ ವ್ಯಾಖ್ಯೆಯಲ್ಲೇ ಅದರ ಭಾಗಗಳನ್ನೂ ಸೇರಿಸಿದೆ. ಮೇಲಾಗಿ .303 ಬೋರ್ ಇಲ್ಲಿ ಸಾಮಾನ್ಯರಿಗೆ ನಿಷಿದ್ಧ ವರ್ಗದ್ದು, ಸೇನೆ-ಪೊಲೀಸರ ತೋಟಾ ಅದರಲ್ಲಿ ಹೋಗುತ್ತದೆಂಬ ಕಾರಣಕ್ಕೆ. ಇಷಾಪುರ ಕಾರ್ಖಾನೆ ನಾಗರಿಕರಿಗೆಂದು .315 ಬೋರಿನ ರೈಫಲ್ ಮಾಡಿದ್ದೇ ಅದಕ್ಕಾಗಿ. ಬೋಲ್ಟ್ ನೋಡಿದರೆ ನಿಮ್ಮ ಹಳೆಯ .303ರ ದಾಯಾದಿ ಎಂದು ತಕ್ಷಣ ಗೊತ್ತಾಗುತ್ತದೆ. ಇನ್ನು ಅಮೆರಿಕದಿಂದ ಹೊರಡುವಾಗಲೂ ರಫ್ತು ಲೈಸನ್ಸ್‌ನ ಪ್ರಶ್ನೆ ಬರುತ್ತದೆ. ಹುಡುಗ ಎರಡು ದೇಶಗಳ ಕಾನೂನಿಗೆ ಒಂದೇ ಸೂಟ್‌ಕೇಸ್‌ನಲ್ಲಿ ಸಿಕ್ಕಿಬೀಳುತ್ತಾನೆ.

ಬಂದೂಕಾಗಿ ಎಂದೂ ಬಳಸಲಾಗದ, ರಿಪೇರಿಗೂ ದಕ್ಕದ ಪುರಾತನ ಆಯುಧಗಳಿಗೆ ಕಾಯ್ದೆಯ 45ನೇ ಕಲಮಿನಲ್ಲಿ ವಿನಾಯಿತಿ ಇದೆ. ಆದರೆ ಒಂದು ವಸ್ತು ಆ ವರ್ಗಕ್ಕೆ ಸೇರುತ್ತದೋ ಇಲ್ಲವೋ ಎಂಬುದನ್ನು ವಿಮಾನ ನಿಲ್ದಾಣದಲ್ಲಿ ವಾದಿಸಿ ಗೆಲ್ಲಲು ಆಗುವುದಿಲ್ಲ. ಹಾಲ್‌ನ ಗೋಡೆಗೆ ಮರದಲ್ಲಿ ಮಾಡಿಸಿದ ಪ್ರತಿಕೃತಿ ಸಾಕು. ಒಳ್ಳೆಯ ಬಡಗಿ ಸಿಕ್ಕರೆ ಭಾರವನ್ನೂ ಸರಿಹೊಂದಿಸಿ ಕೊಡುತ್ತಾನೆ.

ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ತಾತನ ಕಾಲದ ಕೋವಿ ಇದೆ. ಆಯುಧಗಳನ್ನು ಪೂಜಿಸುವ ಕೈಲ್ ಪೊಳ್ದ್ ಹಬ್ಬಕ್ಕೆ ಪೂಜೆಗಿಡುತ್ತೇವೆ. ಅದರ ಕುದುರೆಯ (ಹ್ಯಾಮರ್‌ನ) ಸ್ಪ್ರಿಂಗ್ ಮುರಿದಿದೆ. ನಮಗೆ ಲೈಸನ್ಸ್ ವಿನಾಯಿತಿ ಇರುವುದರಿಂದ ಭಾಗ ತರಿಸಿ ನಾವೇ ಹಾಕಿಕೊಳ್ಳಬಹುದೇ? — ವಿರಾಜಪೇಟೆ ಕಡೆಯವರು

ಕೊಡವರಿಗೂ ಕೊಡಗಿನ ಪಾರಂಪರಿಕ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿಯ ಬೇರು 1861ರ ಬ್ರಿಟಿಷ್ ಆದೇಶದಲ್ಲಿದೆ. ಈಗಿನ ಅವಧಿ 2029ರ ಅಕ್ಟೋಬರ್ 31ರವರೆಗೆ. ಆದರೆ ಅದು ಕೋವಿ ಇಟ್ಟುಕೊಳ್ಳುವುದಕ್ಕೆ, ಕೊಂಡೊಯ್ಯುವುದಕ್ಕೆ ಸಂಬಂಧಿಸಿದ್ದು. ತಯಾರಿಕೆ, ರಿಪೇರಿ, ಮಾರಾಟದ ಲೈಸನ್ಸ್ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನ ವಿಷಯ, ಅದು ಬೇರೆ. ಆದ್ದರಿಂದ ಹೊರಗಿನಿಂದ ಭಾಗ ತರಿಸುವುದು ಬಿಟ್ಟು, ವಿನಾಯಿತಿ ಪತ್ರದ ಜೊತೆ ಕೋವಿಯನ್ನು ಪರವಾನಗಿ ಇರುವ ರಿಪೇರಿಯವರ ಬಳಿಗೆ ಕೊಂಡೊಯ್ಯಿರಿ. ಹಳೆಯ ಕೋವಿಗಳ ಸ್ಪ್ರಿಂಗ್ ಅಳತೆಗೆ ತಕ್ಕಂತೆ ಕೈಯಲ್ಲೇ ಬಡಿದು ಮಾಡುವಂಥದ್ದು. ತರಿಸಿದ್ದು ಹೇಗೂ ನೇರವಾಗಿ ಕೂರುವುದಿಲ್ಲ. ಮುರಿದ ಎರಡು ತುಂಡುಗಳನ್ನೂ ಎಸೆಯದೆ ಜೊತೆಗೆ ಕೊಡಿ, ಅವರಿಗೆ ಅಳತೆ ಸಿಗುವುದು ಅದರಿಂದಲೇ.