ಜೇನುತುಪ್ಪ ತಿಂದರೆ ಸಕ್ಕರೆ ತಿಂದಂತಲ್ಲವೇ?

ಪ್ರಶ್ನೆ: ನನಗೆ 52 ವರ್ಷ, ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುತ್ತಿದ್ದೇನೆ. ಚಹಾಕ್ಕೆ ಸಕ್ಕರೆ ಬಿಟ್ಟು ದಿನಕ್ಕೆ ಮೂರು ಸಲ ಒಂದೊಂದು ಚಮಚ ಜೇನುತುಪ್ಪ ಹಾಕಿಕೊಳ್ಳುತ್ತೇನೆ. ನೈಸರ್ಗಿಕವಾದದ್ದು, ತೊಂದರೆ ಇಲ್ಲ ತಾನೇ?

ಉತ್ತರ: ಇದೆ. ಜೇನುತುಪ್ಪದಲ್ಲಿ ಶೇ 80ರಷ್ಟು ಸಕ್ಕರೆಯೇ. ಶೇ 17–18ರಷ್ಟು ನೀರು. ಜನ ಹೊಗಳುವ ಕಿಣ್ವ, ಖನಿಜ, ಆಂಟಿಆಕ್ಸಿಡೆಂಟ್‌ಗಳೆಲ್ಲ ಉಳಿದ ಚೂರುಪಾರಿನಲ್ಲಿವೆ. ಇನ್ನು ಚಮಚದ ಲೆಕ್ಕ ನೋಡಿ, ಮೋಸ ಆಗುವುದೇ ಅಲ್ಲಿ. ಒಂದು ಟೀ ಚಮಚ ಸಕ್ಕರೆ 4 ಗ್ರಾಂ ತೂಗುತ್ತದೆ, 16 ಕ್ಯಾಲೊರಿ. ಅದೇ ಚಮಚದಲ್ಲಿ ಜೇನುತುಪ್ಪ 7 ಗ್ರಾಂ ಹಿಡಿಯುತ್ತದೆ, 21 ಕ್ಯಾಲೊರಿ, ಅದರಲ್ಲಿ ಸಕ್ಕರೆ ಸುಮಾರು 6 ಗ್ರಾಂ. ಅಂದರೆ ಚಮಚಕ್ಕೆ ಚಮಚ ಬದಲಿಸಿದ ನೀವು ದಿನಕ್ಕೆ 12 ಗ್ರಾಂ ಇದ್ದದ್ದನ್ನು 18 ಗ್ರಾಂಗೆ ಏರಿಸಿಕೊಂಡಿದ್ದೀರಿ! ಫ್ರಕ್ಟೋಸ್ ಹೆಚ್ಚಿರುವ ಜೇನು ರಕ್ತಕ್ಕೆ ತುಸು ನಿಧಾನವಾಗಿ ಸೇರುವುದು ನಿಜ. ಆದರೆ ಅದು ಯಾವ ಹೂವಿನ ಜೇನು ಎಂಬುದರ ಮೇಲೆ ಬದಲಾಗುತ್ತದೆ, ನೆಚ್ಚಿಕೊಳ್ಳುವಷ್ಟು ದೊಡ್ಡ ವ್ಯತ್ಯಾಸವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜೇನಿನ ಸಕ್ಕರೆಯನ್ನೂ ಮಿತಿಯೊಳಗಿರಬೇಕಾದ ಸಕ್ಕರೆಯ ಲೆಕ್ಕಕ್ಕೇ ಸೇರಿಸಿದೆ.

ಚಹಾ ಸಪ್ಪೆಯಾಗಿಯೇ ರೂಢಿಯಾಗಲಿ. ಆಸೆಯಾದ ದಿನ ಅರ್ಧ ಚಮಚ ಸಾಕು. ಎರಡು ಗಂಟೆ ಬಿಟ್ಟು ಗ್ಲೂಕೋಮೀಟರ್‌ನಲ್ಲಿ ನೋಡಿದರೆ ನಿಮ್ಮ ದೇಹ ಅದನ್ನು ಹೇಗೆ ತಾಳುತ್ತದೆ ಎಂಬುದು ತಿಳಿಯುತ್ತದೆ.

ಹಾಗೆಂದು ಬಾಟಲಿಯನ್ನು ಮನೆಯಿಂದ ಆಚೆ ಹಾಕಬೇಡಿ. ಸಕ್ಕರೆ ಮಟ್ಟ 70ಕ್ಕಿಂತ ಕೆಳಗಿಳಿದು ಬೆವರು, ಕೈ ನಡುಕ ಬಂದಾಗ ಒಂದು ದೊಡ್ಡ ಚಮಚ ಜೇನುತುಪ್ಪ ಚೆನ್ನಾಗಿಯೇ ಕೆಲಸ ಮಾಡುತ್ತದೆ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ. ಅಕಾರ್ಬೋಸ್ ಅಥವಾ ವೊಗ್ಲಿಬೋಸ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ಇಂಥ ಹೊತ್ತಿನಲ್ಲಿ ಸಕ್ಕರೆಗಿಂತ ಜೇನೇ ವಾಸಿ. ಆ ಮಾತ್ರೆಗಳು ಸಕ್ಕರೆ ಒಡೆಯುವುದನ್ನು ತಡೆಯುತ್ತವೆ, ಜೇನಿನಲ್ಲಿ ಗ್ಲೂಕೋಸ್ ಮೊದಲೇ ಬಿಡಿಯಾಗಿರುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು.

ಪ್ರಶ್ನೆ: ಎಂಟು ತಿಂಗಳ ಮಗುವಿಗೆ ಕೆಮ್ಮು. ಜೇನುತುಪ್ಪ ನೆಕ್ಕಿಸಬಹುದೇ? ನಾಲ್ಕು ವರ್ಷದ ಅಕ್ಕನಿಗೂ ಕೆಮ್ಮಿದೆ.

ಉತ್ತರ: ಚಿಕ್ಕದಕ್ಕೆ ಒಂದು ಹನಿಯೂ ಬೇಡ. ಜೇನಿನಲ್ಲಿ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು, ಕುದಿಸಿದರೂ ಅದು ಸಾಯುವುದಿಲ್ಲ. ದೊಡ್ಡವರ ಕರುಳಿನಲ್ಲಿ ಸುಮ್ಮನೆ ಹಾದುಹೋಗುವ ಇದು, ವರ್ಷ ತುಂಬದ ಮಗುವಿನ ಕರುಳಿನಲ್ಲಿ ಮೊಳೆತು ನರಗಳಿಗೆ ವಿಷ ಉಣ್ಣಿಸುತ್ತದೆ. ಈಗಾಗಲೇ ನೆಕ್ಕಿಸಿದ್ದರೆ ಗಾಬರಿ ಬೇಡ, ಆದರೆ ಒಂದು ತಿಂಗಳು ಗಮನವಿಡಿ. ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಚೀಪಲು ಆಗದಿರುವುದು, ಕತ್ತು ಜೋತುಬೀಳುವುದು, ಇವುಗಳಲ್ಲಿ ಯಾವುದು ಕಂಡರೂ ಕೂಡಲೇ ಆಸ್ಪತ್ರೆಗೆ. ಹಾಲೂಡಿಸುವ ತಾಯಿ ತಿಂದರೆ ಅಡ್ಡಿಯಿಲ್ಲ.

ಅಕ್ಕನಿಗೆ ಕೊಡಿ. ಜೇನಿನ ಗುಣಗಳಲ್ಲಿ ಗಟ್ಟಿ ಆಧಾರ ಇರುವುದು ಈ ಕೆಮ್ಮಿನ ಉಪಯೋಗಕ್ಕೇ. ಮಲಗುವ ಅರ್ಧ ಗಂಟೆ ಮೊದಲು ಅರ್ಧ ಟೀ ಚಮಚ (2.5 ಮಿ.ಲೀ.) ನಿಧಾನವಾಗಿ ನೆಕ್ಕಿಸಿ. ಆರು ದಾಟಿದವರಿಗೆ ಒಂದು ಚಮಚ, ಹನ್ನೆರಡು ದಾಟಿದವರಿಗೆ ಎರಡು. ಹಿಂದೆಯೇ ನೀರು ಕುಡಿಸಿದರೆ ಗಂಟಲಿಗೆ ಅಂಟಿದ ಪದರ ತೊಳೆದುಹೋಗುತ್ತದೆ. ಉಸಿರು ವೇಗವಾಗಿದ್ದರೆ, ಜ್ವರ ಬಿಡದಿದ್ದರೆ ಅಥವಾ ಕೆಮ್ಮು ಮೂರು ವಾರ ಮೀರಿದರೆ ಜೇನಿನಲ್ಲಿ ಕಾಲ ಕಳೆಯಬೇಡಿ.

ಪ್ರಶ್ನೆ: ಬಾಟಲಿಯ ತಳದಲ್ಲಿ ಜೇನು ಸಕ್ಕರೆಯಂತೆ ಗಟ್ಟಿಯಾಗಿದೆ. ಕಲಬೆರಕೆಯೇ?

ಉತ್ತರ: ಅಷ್ಟರಿಂದಲೇ ಹಾಗೆನ್ನಲಾಗದು. ಒಳ್ಳೆಯ ಜೇನೂ ಹರಳುಗಟ್ಟುತ್ತದೆ. ಅದರ ಗ್ಲೂಕೋಸ್ ನೀರಿನಲ್ಲಿ ಪೂರ್ತಿ ಕರಗಿ ನಿಲ್ಲಲಾರದೆ ಬೇರ್ಪಡುತ್ತದೆ, 14 ಡಿಗ್ರಿ ಆಸುಪಾಸಿನ ತಂಪಿನಲ್ಲಿ ಇನ್ನೂ ಬೇಗ. ಹಾಗೇ ತಿನ್ನಬಹುದು. ಕರಗಿಸಬೇಕೆಂದರೆ ಗಾಜಿನ ಬಾಟಲಿಯನ್ನು ಸುಮಾರು 40 ಡಿಗ್ರಿಯ ನೀರಿನಲ್ಲಿ ಇಳಿಬಿಡಿ. ಕೈ ಅದ್ದಿದರೆ ಬೆಚ್ಚಗಿರಬೇಕು, ಸುಡಬಾರದು. ನೀರು ಆರಿದಂತೆ ಬದಲಿಸುತ್ತ ಅರ್ಧ ಗಂಟೆ ಇಟ್ಟು, ಒಣ ಚಮಚದಿಂದ ಕಲಕಿ. ಒಲೆಯ ಮೇಲಿಟ್ಟರೆ ಕಿಣ್ವಗಳು ನಾಶವಾಗುತ್ತವೆ, ಬಣ್ಣ ಕಪ್ಪಾಗುತ್ತದೆ, ಎಚ್‌ಎಂಎಫ್ ಎಂಬ ರಾಸಾಯನಿಕ ಹೆಚ್ಚುತ್ತದೆ.

ನೀರಿಗೆ ಹನಿ ಬಿಡುವುದು, ಬತ್ತಿ ಅದ್ದಿ ಉರಿಸುವುದು, ಇವೆಲ್ಲ ಮಂದತನವನ್ನೋ ತೇವವನ್ನೋ ತೋರಿಸುವ ಆಟಗಳು. ಗಟ್ಟಿ ಸಕ್ಕರೆ ಪಾಕವೂ ತಳಕ್ಕೆ ಇಳಿಯುತ್ತದೆ. ಕಲಬೆರಕೆ ಹಿಡಿಯಲು ಪ್ರಯೋಗಾಲಯವೇ ಬೇಕು, ಅಲ್ಲಿಯೂ ಒಂದೇ ಪರೀಕ್ಷೆ ಸಾಲದು. ಕಬ್ಬಿನ ಪಾಕವನ್ನು ಹಿಡಿಯುವ ಇಂಗಾಲದ ಐಸೊಟೋಪ್ ಪರೀಕ್ಷೆಗೆ ಅಕ್ಕಿಯ ಪಾಕ ಸಿಗದೆ ತಪ್ಪಿಸಿಕೊಳ್ಳಬಹುದು. ನೀವು ನೋಡಬೇಕಾದದ್ದು ನೊರೆ ಮತ್ತು ಹುಳಿ ವಾಸನೆ. ಎರಡೂ ಇದ್ದರೆ ಒದ್ದೆ ಚಮಚವೋ ಸಡಿಲ ಮುಚ್ಚಳವೋ ತೇವ ಸೇರಿಸಿ ಹುದುಗೆಬ್ಬಿಸಿದೆ ಎಂದರ್ಥ. ಅದನ್ನು ಚೆಲ್ಲಿಬಿಡಿ.

ಪ್ರಶ್ನೆ: ಬೆಳಿಗ್ಗೆ ಬಿಸಿನೀರು, ನಿಂಬೆ, ಜೇನು ಕುಡಿದರೆ ಬೊಜ್ಜು ಕರಗುತ್ತದೆಯೇ?

ಉತ್ತರ: ಇಲ್ಲ. ಸಕ್ಕರೆ ಹಾಕಿದ ಕಾಫಿಯ ಬದಲು ಕುಡಿದರೆ ಆ ಮಟ್ಟಿಗೆ ಕ್ಯಾಲೊರಿ ಉಳಿಯಬಹುದು, ಅಷ್ಟೇ. ಕುಡಿಯುವುದೇ ಆದರೆ ಒಂದು ಟೀ ಚಮಚ ಸಾಕು. ಕುಡಿದ ಮೇಲೆ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ. ಹುಳಿಗೆ ಹಲ್ಲಿನ ಮೇಲ್ಪದರ ಮೆದುವಾಗಿರುವುದರಿಂದ ಅರ್ಧ ಗಂಟೆ ಹಲ್ಲುಜ್ಜಬೇಡಿ.