ಕಮ್ಮಿ ರೇಟ್ ಹೇಳಿದ ಕಾಂಟ್ರಾಕ್ಟರ್‌ಗೆ ಬಾತ್‌ರೂಮ್ ಕೆಲಸ ಕೊಡಬಹುದಾ?

ಮೈಸೂರಿನ ಕುವೆಂಪುನಗರದಲ್ಲಿ ಹಳೇ ಮನೆ, ಮಹಡಿ ಮೇಲಿನ ಎರಡು ಬಾತ್‌ರೂಮ್ ಒಡೆದು ಹೊಸದಾಗಿ ಮಾಡಿಸಬೇಕು, ಮೂವರು ರೇಟ್ ಕೊಟ್ಟಿದ್ದಾರೆ, ಅದರಲ್ಲಿ ಒಬ್ಬರದು ತುಂಬಾ ಕಮ್ಮಿ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ. ಎಸ್ಟಿಮೇಟ್ ಹಾಕುವುದು, ಕಾಂಟ್ರಾಕ್ಟರ್ ಬಿಲ್ ತಾಳೆ ನೋಡುವುದು ನನ್ನ ಕಸುಬು. ಆ ಅನುಭವದಲ್ಲಿ ಹೇಳುತ್ತೇನೆ.

ಮೊದಲು ಮೂವರೂ ಒಂದೇ ಕೆಲಸಕ್ಕೆ ರೇಟ್ ಹೇಳಿದ್ದಾರಾ ನೋಡಿ. ಬಹುಪಾಲು ಹೇಳಿರುವುದಿಲ್ಲ. ಒಬ್ಬರದು ಬರೀ ಲೇಬರ್, ಇನ್ನೊಬ್ಬರದು ಮೆಟೀರಿಯಲ್ ಸಮೇತ. ಒಡೆದ ಕಸ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆ, ಹಳೇ ಟೈಲ್ಸ್ ಕಿತ್ತ ಮೇಲೆ ಗೋಡೆಗೆ ಹೊಸ ಗಾರೆ, ಪೈಪಿಗೆ ಗೋಡೆ ಕೊರೆದು ಮುಚ್ಚುವುದು, 18% ಜಿಎಸ್‌ಟಿ, ಇವೆಲ್ಲ ಕಮ್ಮಿ ರೇಟಿನ ಚೀಟಿಯಲ್ಲಿ ಇರುವುದೇ ಇಲ್ಲ. ಆಮೇಲೆ ಒಂದೊಂದಾಗಿ ‘ಎಕ್ಸ್‌ಟ್ರಾ’ ಅಂತ ಬರುತ್ತವೆ. ಅದಕ್ಕೇ ಕೆಲಸದ ಪಟ್ಟಿಯನ್ನು ನೀವೇ ಒಂದು ಹಾಳೆಯಲ್ಲಿ ಬರೆದು, ಅದೇ ಹಾಳೆಯನ್ನು ಮೂವರಿಗೂ ಕೊಟ್ಟು, ಪ್ರತಿ ಸಾಲಿನ ಮುಂದೆ ರೇಟ್ ಬರೆಸಿ. ಟೈಲ್ಸ್ ಅಳತೆ ಯಾವ ಲೆಕ್ಕ, ಬಾಗಿಲು ಕಿಟಕಿ ಕಳೆಯುತ್ತಾರಾ ಇಲ್ಲವಾ, ಅದನ್ನೂ ಬರೆಸಿ. ‘ಬರೆಯೋದೇನಕ್ಕೆ ಸಾರ್, ನಾನಿದೀನಲ್ಲ’ ಅನ್ನುವವರನ್ನು ಅಲ್ಲಿಗೇ ಬಿಡಿ.

ಇನ್ನು ಮುಖ್ಯ ವಿಷಯ. ಬಾತ್‌ರೂಮಿನಲ್ಲಿ ಮೋಸ ಆಗುವುದು ಕಣ್ಣಿಗೆ ಕಾಣುವ ಟೈಲ್ಸಿನಲ್ಲಲ್ಲ, ಅದರ ಕೆಳಗೆ. ಒಳ್ಳೆ ಕಾಂಟ್ರಾಕ್ಟರ್ ಯಾರು ಅಂತ ಗೊತ್ತಾಗಲು ಒಂದೇ ಪ್ರಶ್ನೆ ಸಾಕು: ‘ವಾಟರ್‌ಪ್ರೂಫಿಂಗ್ ಹೇಗೆ ಮಾಡ್ತೀರಿ?’ ‘ಸಿಮೆಂಟಿಗೆ ಲಿಕ್ವಿಡ್ ಕಲಸಿ ಹಾಕ್ತೀವಿ, ಏನೂ ಆಗಲ್ಲ’ ಅಂದರೆ ಅದು ಉತ್ತರವೇ ಅಲ್ಲ. ಕೆಲಸ ಬಲ್ಲವರು ಕ್ರಮ ಹೇಳುತ್ತಾರೆ. ಪೈಪು ಹಾಯಲೆಂದು ಬಾತ್‌ರೂಮಿನ ಕೆಳಗೆ ಗುಂಡಿಯಂತೆ ತಗ್ಗಿಸಿದ ಸ್ಲ್ಯಾಬಿನಲ್ಲಿ ತುಂಬಿರುವ ಹಳೇ ಫಿಲ್ಲಿಂಗ್ ಪೂರ್ತಿ ತೆಗೆದು ಸ್ಲ್ಯಾಬ್ ಕಾಣುವಷ್ಟು ಗುಡಿಸಿ ತೊಳೆಯಬೇಕು. ಗೋಡೆ ನೆಲ ಸೇರುವ ಮೂಲೆಗೆ ಗಾರೆಯಿಂದ ದುಂಡು ಕೊಡಬೇಕು. ಪೈಪು ಸ್ಲ್ಯಾಬನ್ನು ತೂರಿಹೋಗುವ ಕಡೆ ಒಣಗಿದಾಗ ಕುಗ್ಗದ ಗ್ರೌಟ್ (ಸಂದು ತುಂಬುವ ಗಾರೆ) ತುಂಬಬೇಕು. ಆಮೇಲೆ ವಾಟರ್‌ಪ್ರೂಫ್ ಕೋಟಿಂಗ್ ಎರಡು ಸಲ, ಮೊದಲನೆಯದು ಒಣಗಿದ ಮೇಲೆ ಅಡ್ಡಡ್ಡಕ್ಕೆ ಎರಡನೆಯದು. ಗೋಡೆ ಮೇಲೆ ಕನಿಷ್ಠ ಒಂದಡಿ, ಶವರ್ ಇರುವ ಕಡೆ ಆರಡಿ ಎತ್ತರದವರೆಗೆ. ಕೋಟಿಂಗ್ ಒಣಗಿದ ನಂತರ ನೀರು ಕಟ್ಟಿ 48 ಗಂಟೆ ಬಿಟ್ಟು, ಕೆಳಗಿನ ರೂಮಿನ ಸೀಲಿಂಗ್ ನೋಡಬೇಕು. ಒಂದು ಹನಿ ತೇವ ಕಂಡರೂ ಮುಂದಕ್ಕೆ ಹೋಗಬಾರದು. ಅದು ಪಾಸಾದ ಮೇಲೇ ಫಿಲ್ಲಿಂಗ್. ಅದರ ಮೇಲೆ ಇಳಿಜಾರು ಕೊಟ್ಟು ಮತ್ತೆ ಕೋಟಿಂಗ್, ಕೊನೆಗೆ ಟೈಲ್ಸ್. ಇಳಿಜಾರು ಐದಡಿ ಉದ್ದಕ್ಕೆ ಮುಕ್ಕಾಲು ಇಂಚಾದರೂ ಇರಲಿ.

ಕಮ್ಮಿ ರೇಟಿನವರು ಉಳಿಸುವುದು ಇಲ್ಲೇ. ಒಡೆದ ಟೈಲ್ಸ್, ಇಟ್ಟಿಗೆ ಚೂರನ್ನೇ ಆ ಗುಂಡಿಗೆ ಸುರಿದರೆ ಸಾಗಣೆ ಖರ್ಚೂ ಉಳಿಯಿತು, ಫಿಲ್ಲಿಂಗ್ ಖರ್ಚೂ ಉಳಿಯಿತು. ಆದರೆ ಚೂರುಗಳ ಮಧ್ಯೆ ಸಂದು ಉಳಿದು ದಿನ ಕಳೆದಂತೆ ಕುಸಿಯುತ್ತದೆ. ಭಾರವೆಲ್ಲ ಪೈಪಿನ ಮೇಲೆ ಬಿದ್ದು ಜಾಯಿಂಟ್ ಬಿಡುತ್ತದೆ, ನೀರು ಸಂದಿನಲ್ಲಿ ನಿಂತು ತಿಂಗಳುಗಳ ನಂತರ ಕೆಳಗಿನ ಸೀಲಿಂಗಿನಲ್ಲಿ ಇಳಿಯುತ್ತದೆ. ಅಷ್ಟರಲ್ಲಿ ಕಾಂಟ್ರಾಕ್ಟರ್ ಫೋನ್ ಎತ್ತುವುದಿಲ್ಲ.

ಪೈಪಿಗೂ ಇದೇ ಮಾತು. ಗೀಸರ್ ಲೈನಿಗೆ ಸಿಪಿವಿಸಿ ಪೈಪೇ ಬೇಕು, ಯುಪಿವಿಸಿ ಬಿಸಿನೀರಿಗೆ ತಡೆಯುವುದಿಲ್ಲ. ಗೋಡೆ ಮುಚ್ಚುವ ಮೊದಲು ಕೈಪಂಪಿನಲ್ಲಿ ಪ್ರೆಷರ್ ಹಾಕಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಪ್ರೆಷರ್ ಮೀಟರಿನ ಮುಳ್ಳು ಇಳಿದಿದೆಯಾ ನೋಡಬೇಕು. ಮುಚ್ಚುವ ಮುನ್ನ ಪೈಪ್ ಎಲ್ಲೆಲ್ಲಿದೆ ಅಂತ ಟೇಪ್ ಹಿಡಿದು ಫೋಟೋ ತೆಗೆದಿಟ್ಟುಕೊಳ್ಳಿ. ವೈರಿಂಗಿನಲ್ಲಿ ಗೀಸರ್‌ಗೆ ಬೇರೆಯೇ ಲೈನು, 4 ಸ್ಕ್ವೇರ್ ಎಂಎಂ ವೈರು, 30 ಮಿಲಿ ಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದರೆ ತಾನೇ ಆಫ್ ಆಗುವ ಸ್ವಿಚ್); ಇಷ್ಟನ್ನು ಬರೆಸಿದರೆ ಸಾಕು.

ಯಾವ ಕಾಂಟ್ರಾಕ್ಟರನ್ನೂ ಅವರ ಹಳೇ ಕೆಲಸ ನೋಡದೆ ಒಪ್ಪಬೇಡಿ. ಮೊನ್ನೆ ಮುಗಿಸಿದ ಮನೆ ತೋರಿಸಿದರೆ ಉಪಯೋಗವಿಲ್ಲ, ಹೊಸದರಲ್ಲಿ ಎಲ್ಲವೂ ಹೊಳೆಯುತ್ತದೆ. ಎರಡು ವರ್ಷ ಬಳಸಿದ ಬಾತ್‌ರೂಮ್ ತೋರಿಸಲು ಹೇಳಿ. ಅದರ ಹಿಂಬದಿ ಗೋಡೆಯ ಕೆಳಭಾಗದಲ್ಲಿ ಪೇಂಟ್ ಹಪ್ಪಳದಂತೆ ಎದ್ದಿದೆಯಾ ನೋಡಿ. ಟೈಲ್ಸ್ ಮೇಲೆ ಒಂದು ನಾಣ್ಯದಿಂದ ತಟ್ಟಿ. ಟೊಳ್ಳು ಸದ್ದು ಬಂದರೆ ಕೆಳಗೆ ಗಾರೆ ಪೂರ್ತಿ ಹಿಡಿದಿಲ್ಲ. ಮನೆಯವರನ್ನು ‘ಕೆಲಸ ಚೆನ್ನಾಗಿದೆಯಾ’ ಅಂತ ಕೇಳುವ ಬದಲು, ಮೊದಲು ಹೇಳಿದ್ದೆಷ್ಟು, ಕೊನೆಗೆ ಕೊಟ್ಟಿದ್ದೆಷ್ಟು ಅಂತ ಕೇಳಿ. ಈಗ ನಡೆಯುತ್ತಿರುವ ಸೈಟಿಗೂ ಹೇಳದೆ ಒಂದು ಮಧ್ಯಾಹ್ನ ಹೋಗಿಬನ್ನಿ. ಸಿಮೆಂಟ್ ಮೂಟೆ ನೆಲಕ್ಕೆ ತಾಗದೆ ಹಲಗೆ ಮೇಲಿದೆಯಾ, ನಿನ್ನೆಯ ಗಾರೆಗೆ ಇವತ್ತು ನೀರು ಹೊಡೆದಿದ್ದಾರಾ, ಮೇಸ್ತ್ರಿ ಅಲ್ಲಿದ್ದಾರಾ. ಮೇಸ್ತ್ರಿ ಯಾರು ಅನ್ನುವುದು ಕಾಂಟ್ರಾಕ್ಟರ್ ಯಾರು ಅನ್ನುವಷ್ಟೇ ಮುಖ್ಯ, ಯಾಕೆಂದರೆ ಕರಣೆ ಹಿಡಿಯುವುದು ಅವರೇ.

ದುಡ್ಡನ್ನು ತಾರೀಖು ನೋಡಿ ಕೊಡಬೇಡಿ, ಕೆಲಸ ನೋಡಿ ಕೊಡಿ. ಅಡ್ವಾನ್ಸ್ 10% ಮೀರದಿರಲಿ. ನೀರಿನ ಟೆಸ್ಟ್ ಪಾಸಾದಾಗ ಒಂದು ಕಂತು, ಟೈಲ್ಸ್ ಮುಗಿದಾಗ ಇನ್ನೊಂದು, ಕೊನೆಯ 10% ಮೂರು ತಿಂಗಳು ಬಳಸಿ ನೋಡಿದ ಮೇಲೆ. ಶನಿವಾರ ಸಂಜೆ ‘ಬಟವಾಡೆಗೆ ಕಾಸಿಲ್ಲ, ಒಂದಿಪ್ಪತ್ತು ಸಾವಿರ ಹಾಕಿ’ ಅಂತ ಫೋನ್ ಬರುತ್ತದೆ. ಮುಗಿದ ಕೆಲಸಕ್ಕಿಂತ ಹೆಚ್ಚು ದುಡ್ಡು ಅವರ ಕೈಲಿದ್ದರೆ, ಆ ದುಡ್ಡು ಇನ್ನೊಂದು ಸೈಟಿಗೆ ಹೋಗಿರುತ್ತದೆ, ಜನರೂ ಅದರ ಹಿಂದೆಯೇ ಹೋಗುತ್ತಾರೆ. ಹಾಗಂತ ಮಾಡಿದ ಕೆಲಸದ ದುಡ್ಡನ್ನು ಒಂದು ದಿನವೂ ತಡಮಾಡಬೇಡಿ. ಕೂಲಿಯವರ ಮನೆ ನಡೆಯುವುದು ಆ ವಾರದ ಬಟವಾಡೆಯಲ್ಲಿ.

ಎಲ್ಲ ಕಂತನ್ನೂ ಬ್ಯಾಂಕ್ ಅಥವಾ ಯುಪಿಐ ಮೂಲಕವೇ ಕೊಡಿ, ಕೆಲಸದ ಪಟ್ಟಿಯ ಪ್ರತಿ ಹಾಳೆಗೂ ಇಬ್ಬರೂ ಸಹಿ ಹಾಕಿ. ಕೆಲಸ ಅರ್ಧಕ್ಕೆ ಬಿಟ್ಟುಹೋದರೆ ಮೈಸೂರಿನಲ್ಲೇ ಜಿಲ್ಲಾ ಗ್ರಾಹಕರ ಆಯೋಗವಿದೆ. ಕೊಟ್ಟ ಮೊತ್ತ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಅಲ್ಲಿ ನಿಮ್ಮ ಕೈ ಹಿಡಿಯುವುದು ಈ ಹಾಳೆ, ಪಾವತಿ ವಿವರ ಮತ್ತು ಮುಚ್ಚುವ ಮುನ್ನ ತೆಗೆದ ಫೋಟೋಗಳು.