ಉಪಾಧ್ಯಕ್ಷ ಅಭ್ಯರ್ಥಿಯಿಂದ ನಿಜವಾಗಿ ಮತ ಬರುತ್ತಾ? ರಿಪಬ್ಲಿಕನ್ನರಿಗೆ ಎಂಎಂಎ ಮೇಲೆ ಯಾಕಿಷ್ಟು ಪ್ರೀತಿ?

ಟ್ರಂಪ್ ಯುಎಫ್‌ಸಿ (ಎಂಎಂಎ, ಅಂದರೆ ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾಳಗದ ಪಂದ್ಯ ನಡೆಸುವ ಅಮೆರಿಕದ ಕಂಪನಿ) ಪಂದ್ಯಕ್ಕೆ ಬಂದು ಮುಂದಿನ ಸಾಲಿನಲ್ಲಿ ಕೂರುವುದನ್ನೂ ಜೆ.ಡಿ. ವಾನ್ಸ್ ಅವರನ್ನು ರನ್ನಿಂಗ್ ಮೇಟ್ (ಜೋಡಿ ಉಪಾಧ್ಯಕ್ಷ ಅಭ್ಯರ್ಥಿ) ಮಾಡಿಕೊಂಡಿದ್ದನ್ನೂ ಒಟ್ಟಿಗಿಟ್ಟು, "ಎರಡೂ ಬರೀ ಶೋ ಅಲ್ಲವೇ?" ಎಂದು ಕೇಳಿದ್ದೀರಿ. ನಾನು ರಾಜಕೀಯದಲ್ಲಿ ಕನ್ಸರ್ವೇಟಿವ್, ಜೊತೆಗೆ ಎಂಎಂಎ ಅಭಿಮಾನಿ. ಆ ವಾಲಿಕೆಯನ್ನು ಲೆಕ್ಕಕ್ಕೆ ಹಿಡಿದೇ ಓದಿ.

ನೇರ ಉತ್ತರ ಬೇಕಿದ್ದರೆ: ಉಪಾಧ್ಯಕ್ಷ ಅಭ್ಯರ್ಥಿಯಿಂದ ಬರುವ ಮತ ಕಡಿಮೆ, ಎಡವಟ್ಟಾದರೆ ಆಗುವ ನಷ್ಟ ದೊಡ್ಡದು. ಶೋ ಅಂತೂ ಇದ್ದೇ ಇದೆ. ಆದರೆ ಎರಡರಲ್ಲೂ ಅಸಲಿ ಕೆಲಸ ನಡೆಯುವುದು ಜನ ಸೇರುವುದಕ್ಕೆ ಮುಂಚೆ, ತಪಾಸಣೆಯ ಕೋಣೆಯಲ್ಲಿ. ಅಲ್ಲಿ ಸಡಿಲ ಬಿಟ್ಟವರು ಮುಂದೆ ಎಷ್ಟು ಚೆನ್ನಾಗಿ ಆಡಿದರೂ ಸರಿಹೋಗುವುದಿಲ್ಲ.

ಮೊದಲು ಹುದ್ದೆಯ ವಿಷಯ. ನಮ್ಮ ಉಪರಾಷ್ಟ್ರಪತಿಯನ್ನು ಸಂಸತ್ತಿನ ಎರಡೂ ಸದನದವರು ಬೇರೆಯಾಗಿಯೇ ಆರಿಸುತ್ತಾರೆ, ರಾಷ್ಟ್ರಪತಿಯ ಜೋಡಿಯಾಗಿ ಅಲ್ಲ. 1977ರ ಫೆಬ್ರವರಿಯಲ್ಲಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡಾಗ ನಮ್ಮ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಜುಲೈನಲ್ಲಿ ನೀಲಂ ಸಂಜೀವ ರೆಡ್ಡಿ ಬಂದ ಕೂಡಲೇ ತಮ್ಮ ಹಳೆಯ ಕುರ್ಚಿಗೆ ಮರಳಿದರು. ಅಮೆರಿಕದಲ್ಲಿ ಈ 'ಹಂಗಾಮಿ' ಲೆಕ್ಕವಿಲ್ಲ. 1963ರ ನವೆಂಬರ್ 22ರಂದು ಕೆನಡಿ ಹತ್ಯೆಯಾದ ಗಳಿಗೆಯಿಂದ ಲಿಂಡನ್ ಜಾನ್ಸನ್ ಪೂರ್ತಿ ಅಧ್ಯಕ್ಷರೇ, ಉಳಿದ ಅವಧಿಯೆಲ್ಲ ಅವರದೇ. ಹೀಗೆ ಮಧ್ಯದಲ್ಲಿ ಅಧ್ಯಕ್ಷರಾದ ಉಪಾಧ್ಯಕ್ಷರು ಈವರೆಗೆ 9 ಮಂದಿ: 8 ಸಲ ಅಧ್ಯಕ್ಷರ ಸಾವಿನಿಂದ, 1974ರಲ್ಲಿ ನಿಕ್ಸನ್ ರಾಜೀನಾಮೆಯಿಂದ. ಹಾಗಾಗಿ ಯಾರನ್ನಾದರೂ ರನ್ನಿಂಗ್ ಮೇಟ್ ಎಂದು ಘೋಷಿಸಿದರೆ ನಾನು ಕೇಳುವ ಮೊದಲ ಪ್ರಶ್ನೆ, ನಾಳೆ ಬೆಳಗ್ಗೆ ಈ ಮನುಷ್ಯ ಅಧ್ಯಕ್ಷನಾದರೆ ನಡೆದೀತೇ ಎಂಬುದು. ಯಾವ ರಾಜ್ಯ ಗೆಲ್ಲಿಸಿಕೊಡುತ್ತಾನೆ ಎಂಬುದು ಆಮೇಲಿನ ಮಾತು.

ರಾಜ್ಯದ ಲೆಕ್ಕ ಟಿವಿ ಚರ್ಚೆಯವರಿಗೆ ಬಲು ಪ್ರಿಯ. 1960ರಲ್ಲಿ ಟೆಕ್ಸಾಸ್‌ನವರಾದ ಜಾನ್ಸನ್ ಜೋಡಿಯಾಗಿದ್ದುದರಿಂದಲೇ ಕೆನಡಿಗೆ ಟೆಕ್ಸಾಸ್‌ನ 24 ಎಲೆಕ್ಟೊರಲ್ ಮತ (ಅಧ್ಯಕ್ಷರನ್ನು ಆರಿಸುವ ರಾಜ್ಯದ ಪ್ರತಿನಿಧಿಗಳಾದ ಎಲೆಕ್ಟರುಗಳ ಮತ) ಸಿಕ್ಕಿತು ಎಂದು ಇವತ್ತಿಗೂ ಹೇಳುತ್ತಾರೆ. ಆ ಒಂದು ಉದಾಹರಣೆಯ ಮೇಲೆ ಅರವತ್ತು ವರ್ಷದ ಚರ್ಚೆ ನಿಂತಿದೆ. 2004ರಲ್ಲಿ ಜಾನ್ ಎಡ್ವರ್ಡ್ಸ್ ಇದ್ದೂ ಡೆಮಾಕ್ರಾಟರು ನಾರ್ತ್ ಕ್ಯಾರೊಲಿನಾ ಸೋತರು. 2012ರಲ್ಲಿ ಪಾಲ್ ರಯಾನ್ ಇದ್ದೂ ನಮ್ಮ ರಿಪಬ್ಲಿಕನ್ನರು ವಿಸ್ಕಾನ್ಸಿನ್ ಸೋತರು. ಡಿಬೇಟ್‌ನ ಕಥೆಯೂ ಅಷ್ಟೇ. 1988ರಲ್ಲಿ ಡೆಮಾಕ್ರಾಟರ ಉಪಾಧ್ಯಕ್ಷ ಅಭ್ಯರ್ಥಿ ಲಾಯ್ಡ್ ಬೆಂಟ್ಸನ್ ವೇದಿಕೆಯ ಮೇಲೆ ರಿಪಬ್ಲಿಕನ್ನರ ಡ್ಯಾನ್ ಕ್ವೇಲ್ ಅವರನ್ನು ಮಾತಿನಲ್ಲೇ ನೆಲಕ್ಕೆ ಕೆಡವಿದರೆಂದು ಎಲ್ಲರೂ ಒಪ್ಪುತ್ತಾರೆ. ನವೆಂಬರ್‌ನಲ್ಲಿ ಬುಷ್ ಮತ್ತು ಕ್ವೇಲ್ ಜೋಡಿ 40 ರಾಜ್ಯ ಗೆದ್ದಿತು.

ಲೆಕ್ಕ ಹಾಕಲೇಬೇಕಾದ್ದು ಇನ್ನೆರಡಿವೆ, ಅವುಗಳ ಸುದ್ದಿ ಟಿವಿಯಲ್ಲಿ ಅಪರೂಪ. ಒಂದು, ಸಂವಿಧಾನದ 12ನೇ ತಿದ್ದುಪಡಿ. ಒಂದು ರಾಜ್ಯದ ಎಲೆಕ್ಟರುಗಳು ಅಧ್ಯಕ್ಷ, ಉಪಾಧ್ಯಕ್ಷ ಇಬ್ಬರಿಗೂ ತಮ್ಮ ರಾಜ್ಯದವರಿಗೇ ಮತ ಹಾಕುವಂತಿಲ್ಲ. 2000ದಲ್ಲಿ ರಿಪಬ್ಲಿಕನ್ ಉಪಾಧ್ಯಕ್ಷ ಅಭ್ಯರ್ಥಿ ಡಿಕ್ ಚೇನಿ ಟೆಕ್ಸಾಸ್‌ನಲ್ಲಿ ವಾಸವಾಗಿದ್ದರು, ಅಧ್ಯಕ್ಷ ಅಭ್ಯರ್ಥಿ ಬುಷ್ (1988ರ ಬುಷ್ ಅವರ ಮಗ) ಕೂಡ ಟೆಕ್ಸಾಸ್‌ನವರೇ. ಅದಕ್ಕೇ ಚೇನಿ ಜುಲೈನಲ್ಲಿ ತಮ್ಮ ಮತದಾರ ನೋಂದಣಿಯನ್ನು ಹಳೆಯ ಊರು ವಯೋಮಿಂಗ್‌ಗೆ ಬದಲಿಸಿಕೊಂಡರು. ಹಾಗೆ ಮಾಡದಿದ್ದರೆ ಏನಾಗುತ್ತಿತ್ತು ನೋಡಿ: ಬುಷ್ ಗೆದ್ದಿದ್ದು 271 ಮತದಿಂದ, ಬೇಕಿದ್ದದ್ದು 270. ಟೆಕ್ಸಾಸ್‌ನ 32 ಕಳೆದರೆ ಚೇನಿಗೆ ಉಳಿಯುವುದು 239, ಉಪಾಧ್ಯಕ್ಷರ ಆಯ್ಕೆ ಸೆನೆಟ್‌ಗೆ ಹೋಗುತ್ತಿತ್ತು. 2024ರಲ್ಲಿ ಮಾರ್ಕೊ ರುಬಿಯೊ ಹೆಸರಿಗೂ ಇದೇ ತೊಡಕಿತ್ತು, ಟ್ರಂಪ್ ಮತ್ತು ಅವರು ಇಬ್ಬರೂ ಫ್ಲಾರಿಡಾದವರು. ಕೊನೆಗೆ 312 ಮತ ಬಂದದ್ದರಿಂದ 30 ಹೋದರೂ ನಡೆಯುತ್ತಿತ್ತು, ಆದರೆ ಜುಲೈನಲ್ಲಿ ಅದು ಯಾರಿಗೆ ಗೊತ್ತು?

ಎರಡನೆಯದು, ಆರಿಸುವ ವ್ಯಕ್ತಿ ಸೆನೆಟರ್ ಆಗಿದ್ದರೆ ಅವರ ರಾಜ್ಯದ ಗವರ್ನರ್ ಯಾವ ಪಕ್ಷದವರು ಎಂಬುದು. ಖಾಲಿಯಾಗುವ ಸೀಟಿಗೆ ಹೆಚ್ಚಿನ ರಾಜ್ಯಗಳಲ್ಲಿ ತಾತ್ಕಾಲಿಕವಾಗಿ ಹೆಸರು ಸೂಚಿಸುವುದು ಗವರ್ನರ್. (ಅಲ್ಲಿನ ಗವರ್ನರ್ ಜನರೇ ಆರಿಸಿದವರು, ನಮ್ಮ ಮುಖ್ಯಮಂತ್ರಿಯ ಹಾಗೆ.) ಓಹಿಯೋದಲ್ಲಿ ಮೈಕ್ ಡಿವೈನ್ ರಿಪಬ್ಲಿಕನ್ ಆಗಿದ್ದರಿಂದ ವಾನ್ಸ್ ಬಿಟ್ಟ ಸೀಟು 2025ರ ಜನವರಿಯಲ್ಲಿ ಜಾನ್ ಹಸ್ಟೆಡ್ ಅವರಿಗೆ ಹೋಯಿತು, ಪಕ್ಷಕ್ಕೆ ನಷ್ಟವಾಗಲಿಲ್ಲ. 2016ರಲ್ಲಿ ಇದೇ ಓಹಿಯೋದ ಡೆಮಾಕ್ರಾಟ್ ಶೆರೋಡ್ ಬ್ರೌನ್ ಹೆಸರು ಬಂದಾಗ ಗವರ್ನರ್ ಆಗಿದ್ದವರು ರಿಪಬ್ಲಿಕನ್ ಜಾನ್ ಕೇಸಿಕ್. ಆ ಸಲದ ಅಧ್ಯಕ್ಷ ಅಭ್ಯರ್ಥಿ ಹಿಲರಿ ಕ್ಲಿಂಟನ್ ಅವರಿಗೆ ಅದೂ ಒಂದು ಅಡ್ಡಿ.

ವಾನ್ಸ್ ಆಯ್ಕೆಯನ್ನು ನಾನು ಮೆಚ್ಚುವುದು ಈ ಕಾರಣಕ್ಕೇ. ಓಹಿಯೋ ಆಗಲೇ ಕೈಯಲ್ಲಿದ್ದ ರಾಜ್ಯ, ಅಲ್ಲಿ ಮತ ತರಬೇಕಾದ್ದೇನೂ ಇರಲಿಲ್ಲ. 2024ರ ಜುಲೈ 15ರಂದು ಮಿಲ್ವಾಕಿಯಲ್ಲಿ 39 ವರ್ಷದವರೊಬ್ಬರ ಹೆಸರು ಹೇಳಿದ್ದು ಮುಂದಿನ ಪೀಳಿಗೆಗೆ ಪಕ್ಷವನ್ನು ಯಾರು ನಡೆಸಬೇಕು ಎಂಬ ತೀರ್ಮಾನ. ಆ ತೀರ್ಮಾನ ಒಪ್ಪದಿರಬಹುದು, ಆದರೆ ಅದು ಹುದ್ದೆಯ ಕೆಲಸ ನೋಡಿ ಮಾಡಿದ್ದು. ಅವರ ಪತ್ನಿ ಉಷಾ ಅವರ ಹಿರಿಯರು ಆಂಧ್ರದವರೆಂದು ನಮ್ಮ ಕಡೆ ವಾಟ್ಸಾಪ್‌ನಲ್ಲಿ ಎದ್ದ ಸಂಭ್ರಮಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಇನ್ನು ಟ್ರಂಪ್ ಅವರ ಮೊದಲ ಅವಧಿಯ ಉಪಾಧ್ಯಕ್ಷ ಮೈಕ್ ಪೆನ್ಸ್. 2021ರ ಜನವರಿ 6ರಂದು ಮತ ಎಣಿಕೆ ತಿರುವುವ ಅಧಿಕಾರ ಉಪಾಧ್ಯಕ್ಷನಿಗಿಲ್ಲ ಎಂದು ಅವರು ಹೇಳಿದ್ದು ಸರಿ. ಬರೆದದ್ದನ್ನು ಬರೆದಂತೆ ಓದುವುದು ಕನ್ಸರ್ವೇಟಿವ್ ಗುಣ, ನಮ್ಮ ಬಣದಲ್ಲಿ ಅದಕ್ಕೆ ಅವರನ್ನು ಬೈಯುವವರು ಇದ್ದಾರೆ, ಇರಲಿ.

ಈಗ ತಪಾಸಣೆ. ಮದುವೆಗೆ ಮುಂಚೆ ಮನೆತನ ವಿಚಾರಿಸುವ ಹಾಗೆ ಇಲ್ಲೂ ಒಂದು ತಂಡ ಅಭ್ಯರ್ಥಿಯ ತೆರಿಗೆ ಕಾಗದ, ಹಳೆಯ ಭಾಷಣ, ಕೋರ್ಟ್ ಕೇಸು, ಆರೋಗ್ಯದ ದಾಖಲೆ ಎಲ್ಲ ತೆಗೆಸಿ ನೋಡಬೇಕು. ಇದಕ್ಕೆ ವಾರಗಟ್ಟಲೆ ಬೇಕು. 1972ರಲ್ಲಿ ಡೆಮಾಕ್ರಾಟ್ ಅಧ್ಯಕ್ಷ ಅಭ್ಯರ್ಥಿ ಮೆಕ್‌ಗವರ್ನ್ ಕಡೆಯವರು ಥಾಮಸ್ ಈಗಲ್ಟನ್ ಅವರನ್ನು ಆತುರದಲ್ಲಿ ಒಪ್ಪಿಕೊಂಡರು. ಖಿನ್ನತೆಗಾಗಿ ಆಸ್ಪತ್ರೆ ಸೇರಿ ವಿದ್ಯುತ್ ಆಘಾತ ಚಿಕಿತ್ಸೆ ಪಡೆದಿದ್ದನ್ನು ಈಗಲ್ಟನ್ ಹೇಳಿರಲಿಲ್ಲ. ಕಾಯಿಲೆ ತಪ್ಪಲ್ಲ, ಮುಚ್ಚಿಟ್ಟದ್ದು ತಪ್ಪು. ಮೆಕ್‌ಗವರ್ನ್ ಮೊದಲು ಸಾವಿರ ಪಾಲು ಜೊತೆಗಿದ್ದೇನೆ ಎಂದರು, ಕೊನೆಗೆ 18 ದಿನಕ್ಕೆ ಅವರನ್ನು ಇಳಿಸಿ ಸಾರ್ಜೆಂಟ್ ಶ್ರೈವರ್ ಅವರನ್ನು ತಂದರು. ಮಾತು ಬದಲಿಸಿದ ಕಳಂಕ ಅಭ್ಯರ್ಥಿಗೇ ಅಂಟಿತು. ಸೋತದ್ದು 49 ರಾಜ್ಯ. ಅದಕ್ಕೆಲ್ಲ ಈಗಲ್ಟನ್ ಕಾರಣ ಎನ್ನುವುದು ಅತಿಯಾಯಿತು.

ನಿಮ್ಮ ಎರಡೂ ಪ್ರಶ್ನೆ ಒಬ್ಬನೇ ವ್ಯಕ್ತಿಯಲ್ಲಿ ಬಂದು ಸೇರುತ್ತವೆ: 2008ರ ರಿಪಬ್ಲಿಕನ್ ಅಧ್ಯಕ್ಷ ಅಭ್ಯರ್ಥಿ ಜಾನ್ ಮೆಕೇನ್. 1993ರ ನವೆಂಬರ್ 12ರಂದು ಡೆನ್ವರ್‌ನಲ್ಲಿ ನಡೆದ ಮೊದಲ ಯುಎಫ್‌ಸಿಯಲ್ಲಿ ತೂಕದ ವರ್ಗಗಳಿರಲಿಲ್ಲ, ಅಂಕ ಕೊಡುವ ಜಡ್ಜ್‌ಗಳಿರಲಿಲ್ಲ. ಕಚ್ಚುವಂತಿಲ್ಲ, ಕಣ್ಣಿಗೆ ಬೆರಳು ಹಾಕುವಂತಿಲ್ಲ ಎಂಬುದು ಬಿಟ್ಟರೆ ನಿಯಮವೆಂದರೆ ಹೆಸರಿಗೆ. 80 ಕಿಲೋ ಆಸುಪಾಸಿನ ರಾಯ್ಸ್ ಗ್ರೇಸಿ ಒಂದೇ ರಾತ್ರಿ ಮೂವರನ್ನು ಸೋಲಿಸಿದ. ಸೆನೆಟರ್ ಮೆಕೇನ್ ಇದನ್ನು ಮನುಷ್ಯರ ಕೋಳಿಕಾಳಗ ಎಂದು ಕರೆದು, ನಿಷೇಧಿಸಿ ಎಂದು 50 ರಾಜ್ಯದ ಗವರ್ನರುಗಳಿಗೂ ಪತ್ರ ಬರೆದರು. ಹಲವು ರಾಜ್ಯಗಳು ನಿಷೇಧಿಸಿದವು, ಕೇಬಲ್ ಕಂಪನಿಗಳು ಪ್ರಸಾರ ನಿಲ್ಲಿಸಿದವು. ಅಭಿಮಾನಿಗಳು ಅವರನ್ನು ಖಳನಾಯಕ ಮಾಡಿಬಿಟ್ಟಿದ್ದಾರೆ. ನನ್ನ ಮಟ್ಟಿಗೆ, ರೋಗ ಗುರುತಿಸಿದ್ದು ಸರಿ, ಕೊಟ್ಟ ಮದ್ದು ತಪ್ಪು.

ಸರಿಯಾದ ಮದ್ದು ಬಂದದ್ದು ವಾಷಿಂಗ್ಟನ್‌ನಿಂದಲ್ಲ, ನ್ಯೂಜೆರ್ಸಿಯ ಕ್ರೀಡಾ ನಿಯಂತ್ರಣ ಮಂಡಳಿಯಿಂದ. ಅದು 2000ದಲ್ಲಿ ಪಂದ್ಯಗಳಿಗೆ ಒಪ್ಪಿಗೆ ಕೊಡತೊಡಗಿ, 2001ರಲ್ಲಿ ಏಕರೂಪ ನಿಯಮಾವಳಿಗೆ ರೂಪ ಕೊಟ್ಟಿತು. 5 ನಿಮಿಷದ 3 ರೌಂಡ್, ಚಾಂಪಿಯನ್‌ಶಿಪ್ ಆದರೆ 5 ರೌಂಡ್, ತೂಕದ ವರ್ಗ, ಬೆರಳು ಬಿಟ್ಟ ತೆಳು ಗ್ಲೌಸ್, ಮೂವರು ಜಡ್ಜ್, ಫೌಲ್‌ಗಳ ಉದ್ದ ಪಟ್ಟಿ. ಬೇರೆ ರಾಜ್ಯಗಳು ಅದನ್ನೇ ಎತ್ತಿಕೊಂಡವು. ರಾಜ್ಯವೊಂದು ಪ್ರಯೋಗ ಮಾಡಿ ಉಳಿದವು ನೋಡಿ ಕಲಿಯುವುದು: ಫೆಡರಲಿಸಂ ಬಗ್ಗೆ ಕನ್ಸರ್ವೇಟಿವ್‌ಗಳು ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಕಂಡಿಲ್ಲ. ನ್ಯೂಯಾರ್ಕ್ ಮಾತ್ರ 1997ರ ನಿಷೇಧವನ್ನು 2016ರವರೆಗೆ ಹಿಡಿದುಕೊಂಡು ಕೂತಿತ್ತು.

ಟ್ರಂಪ್ ನಂಟೂ ಆ ಕಾಲದ್ದೇ. 2001ರ ಜನವರಿಯಲ್ಲಿ ಫರ್ಟಿಟಾ ಸೋದರರು ಯುಎಫ್‌ಸಿಯನ್ನು 20 ಲಕ್ಷ ಡಾಲರಿಗೆ ಕೊಂಡು ಡೇನಾ ವೈಟ್ ಕೈಗೆ ಕೊಟ್ಟಾಗ ದೊಡ್ಡ ಸಭಾಂಗಣಗಳು ಬಾಗಿಲು ತೆರೆಯುತ್ತಿರಲಿಲ್ಲ. ಅವರ ಮೊದಲ ಪಂದ್ಯಾವಳಿ ನಡೆದದ್ದು ಅಟ್ಲಾಂಟಿಕ್ ಸಿಟಿಯ ಟ್ರಂಪ್ ತಾಜ್ ಮಹಲ್ ಕ್ಯಾಸಿನೊದಲ್ಲಿ. ಆ ಋಣ ವೈಟ್ ಮರೆತಿಲ್ಲ: 2016, 2020, 2024ರ ಮೂರೂ ರಿಪಬ್ಲಿಕನ್ ಸಮಾವೇಶದಲ್ಲಿ ಮಾತಾಡಿದ್ದಾರೆ. 2016ರಲ್ಲೇ ಆ ಕಂಪನಿ ಸುಮಾರು 400 ಕೋಟಿ ಡಾಲರಿಗೆ ಮಾರಾಟವಾಯಿತು. ಸರ್ಕಾರದ ಕಾಸಿಲ್ಲದೆ ಬೆಳೆದದ್ದು, ವಯಸ್ಕರು ತಾವೇ ಒಪ್ಪಿ ಇಳಿಯುವುದು, ಯಾರ ಮಗ ಎಂದು ಕೇಳದ ಅಖಾಡ. ರಿಪಬ್ಲಿಕನ್ನರಿಗೆ ಯಾಕೆ ಇಷ್ಟ ಎಂಬ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ.

ಮೆಕೇನ್ ಕಡೆಗೆ ಮರಳೋಣ. ಕ್ರೀಡೆಗೆ ತಪಾಸಣೆ ಇಲ್ಲವೆಂದು ಕೂಗಿದ ಅದೇ ಮನುಷ್ಯ 2008ರ ಆಗಸ್ಟ್ 29ರಂದು, ತಾವು 72 ತುಂಬಿದ ದಿನವೇ, ತಮ್ಮ ರನ್ನಿಂಗ್ ಮೇಟ್ ಎಂದು ಅಲಾಸ್ಕಾದ ಗವರ್ನರ್ ಸಾರಾ ಪೇಲಿನ್ ಹೆಸರು ಘೋಷಿಸಿದರು. ಪೇಲಿನ್ ಅವರ ಹಿನ್ನೆಲೆ ಜಾಲಾಡಲು ತಂಡಕ್ಕೆ ಸಿಕ್ಕಿದ್ದು ಕೆಲವೇ ದಿನ. ಸಮಾವೇಶದ ಭಾಷಣ ಅದ್ಭುತವಾಗಿತ್ತು, ಸಭೆಗಳು ತುಂಬಿ ತುಳುಕಿದವು. ಆದರೆ ಒಬಾಮಾಗೆ ಅನುಭವವಿಲ್ಲ ಎಂಬುದೇ ಮೆಕೇನ್ ಪ್ರಚಾರದ ಬೆನ್ನೆಲುಬು. ಗವರ್ನರ್ ಆಗಿ ಎರಡು ವರ್ಷವೂ ಆಗದವರನ್ನು ಪಕ್ಕಕ್ಕೆ ನಿಲ್ಲಿಸಿಕೊಂಡ ಮೇಲೆ ಆ ಮಾತು ಬಾಯಲ್ಲೇ ಉಳಿಯಿತು. ಪೇಲಿನ್ ಅವರನ್ನು ದೂರುವುದರಲ್ಲಿ ಅರ್ಥವಿಲ್ಲ, ತಯಾರಿಗೆ ಸಮಯ ಕೊಡದೆ ಅಖಾಡಕ್ಕೆ ಇಳಿಸಿದ್ದು ಅವರಲ್ಲ.

"11 ದಿನದ ನೋಟಿಸ್‌ನಲ್ಲಿ ಬಂದ ನೇಟ್ ಡಯಾಸ್ 2016ರ ಮಾರ್ಚ್‌ನಲ್ಲಿ ಮೆಕ್‌ಗ್ರೆಗರ್‌ನ ಕತ್ತು ಹಿಡಿದು ಸೋಲಿಸಲಿಲ್ಲವೇ?" ಎಂದು ಅಭಿಮಾನಿಗಳು ಕೇಳಬಹುದು. ಸೋಲಿಸಿದ, ಎರಡನೇ ರೌಂಡಿನಲ್ಲೇ. ಆದರೆ ಆ ಪಂದ್ಯವನ್ನು 170 ಪೌಂಡ್‌ಗೆ, ಅಂದರೆ 77 ಕಿಲೋಗೆ ಏರಿಸಿದ್ದರಿಂದ ಡಯಾಸ್ ತೂಕ ಇಳಿಸುವ ಪಾಡು ಪಡಬೇಕಿರಲಿಲ್ಲ. ಆತ ವರ್ಷಗಟ್ಟಲೆ ಪಳಗಿದವನು ಕೂಡ.

ಆ ಪಾಡು ಸಣ್ಣದಲ್ಲ. 155 ಪೌಂಡ್ ವರ್ಗ ಎಂದರೆ 70.3 ಕಿಲೋ, ಆದರೆ ಅಲ್ಲಿ ಆಡುವವರಲ್ಲಿ ಅನೇಕರ ದಿನನಿತ್ಯದ ತೂಕ ಅದಕ್ಕಿಂತ ಏಳೆಂಟು ಕಿಲೋ ಹೆಚ್ಚು. ಕೊನೆಯ ದಿನಗಳಲ್ಲಿ ಉಪ್ಪು, ನೀರು ಕಡಿಮೆ ಮಾಡಿ, ಬಿಸಿನೀರಿನ ತೊಟ್ಟಿಯಲ್ಲಿ ಕೂತು ಬೆವರಿಳಿಸುತ್ತಾರೆ. ತೂಕ ನೋಡುವುದು ಪಂದ್ಯದ ಹಿಂದಿನ ದಿನ ಬೆಳಗ್ಗೆ, ಮಧ್ಯೆ ಒಂದೂವರೆ ದಿನದೊಳಗೆ ನೀರು ತುಂಬಿಕೊಳ್ಳಬೇಕು. ಸರಿಯಾಗಿ ತುಂಬದಿದ್ದರೆ ಎರಡನೇ ರೌಂಡಿಗೇ ಕಾಲು ಸೋಲುತ್ತದೆ, ಏಟು ತಡೆಯುವ ಶಕ್ತಿಯೂ ಕುಗ್ಗುತ್ತದೆ. ಸಾಮಾನ್ಯ ಪಂದ್ಯಕ್ಕೆ 1 ಪೌಂಡ್ ರಿಯಾಯಿತಿ ಉಂಟು, ಚಾಂಪಿಯನ್‌ಶಿಪ್‌ಗೆ ಇಲ್ಲ. 2022ರ ಮೇನಲ್ಲಿ ಆ ವರ್ಗದ ಚಾಂಪಿಯನ್ ಚಾರ್ಲ್ಸ್ ಒಲಿವೇರಾ ಅರ್ಧ ಪೌಂಡ್ ಜಾಸ್ತಿ ತೂಗಿ ಬೆಲ್ಟ್ (ಚಾಂಪಿಯನ್ ಪಟ್ಟ) ಕಳೆದುಕೊಂಡ. ಮರುದಿನ ಎದುರಾಳಿ ಗೇಚಿಯನ್ನು ಮೊದಲ ರೌಂಡಿನಲ್ಲೇ ಸೋಲಿಸಿದರೂ ಬೆಲ್ಟ್ ವಾಪಸ್ ಬರಲಿಲ್ಲ. ಇದರ ಮೇಲೆ ರಕ್ತಪರೀಕ್ಷೆ, ಕಣ್ಣಿನ ಪರೀಕ್ಷೆ, ನೆವಾಡಾದಂಥ ಕಡೆ ಮಿದುಳಿನ ಸ್ಕ್ಯಾನ್. ನಾಕೌಟ್ ಆದರೆ ಸಾಮಾನ್ಯವಾಗಿ 30ರಿಂದ 60 ದಿನ ಕಡ್ಡಾಯ ವಿಶ್ರಾಂತಿ. ರನ್ನಿಂಗ್ ಮೇಟ್‌ಗಳಿಗೂ ಇಷ್ಟು ಬಿಗಿ ಇದ್ದಿದ್ದರೆ ಎರಡೂ ಪಕ್ಷಕ್ಕೆ ಒಳ್ಳೆಯದಾಗುತ್ತಿತ್ತು.

ಹೊಸದಾಗಿ ನೋಡುವವರು ಎಡವುವುದು ಅಂಕದಲ್ಲಿ. ಪ್ರತಿ ರೌಂಡ್ ಗೆದ್ದವನಿಗೆ 10, ಸೋತವನಿಗೆ ಹೆಚ್ಚಾಗಿ 9, ತೀರಾ ಚಚ್ಚಿಸಿಕೊಂಡರೆ 8. ಮೊದಲು ನೋಡುವುದು ಪರಿಣಾಮ ಮಾಡಿದ ಏಟು ಮತ್ತು ಪಟ್ಟು; ಅದರಲ್ಲಿ ಇಬ್ಬರೂ ಸಮ ಎನಿಸಿದರೆ ಮಾತ್ರ ಯಾರು ನುಗ್ಗಿದರು ಎಂಬುದು, ಅದೂ ಸಮವಾದರೆ ಯಾರು ಪಂಜರದ (ಬಲೆ ಕಟ್ಟಿದ ಅಖಾಡದ) ನಡುವೆ ನಿಂತರು ಎಂಬುದು. ನಾಲ್ಕು ಸಲ ಕೆಡವಿ ಏನೂ ಮಾಡದೆ ಮೇಲೆ ಮಲಗಿದವನು ರೌಂಡ್ ಸೋಲಬಹುದು. ನಮ್ಮ ಗರಡಿ ಕುಸ್ತಿ ನೋಡಿ ಬೆಳೆದವರಿಗೆ ಇದು ಒಗ್ಗಲು ಸ್ವಲ್ಪ ಸಮಯ ಬೇಕು, ಅಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಆಟ ಮುಗಿಯಿತು.

ನನ್ನ ಬಣದವರ ಜೊತೆ ನಾನು ಜಗಳವಾಡುವುದು ಸಂಬಳದ ವಿಷಯಕ್ಕೆ. ಮುಕ್ತ ಮಾರುಕಟ್ಟೆ ಎನ್ನುತ್ತೇವೆ, ಆದರೆ ಕೊಳ್ಳುವವನು ಹೆಚ್ಚುಕಡಿಮೆ ಒಬ್ಬನೇ ಆಗಿದ್ದರೆ ಅದು ಎಂಥ ಮಾರುಕಟ್ಟೆ? 2014ರಲ್ಲಿ ಆಟಗಾರರು ಯುಎಫ್‌ಸಿ ಮೇಲೆ ಏಕಸ್ವಾಮ್ಯದ ದಾವೆ ಹೂಡಿದರು. 33.5 ಕೋಟಿ ಡಾಲರಿನ ರಾಜಿಯನ್ನು ನ್ಯಾಯಾಧೀಶರು 2024ರಲ್ಲಿ ತಿರಸ್ಕರಿಸಿದರು, 2014ರ ಆ ದಾವೆ ಕೊನೆಗೆ 37.5 ಕೋಟಿಗೆ ಮುಗಿಯಿತು. ಬಾಕ್ಸರುಗಳಿಗೆ 2000ದ ಮುಹಮ್ಮದ್ ಅಲಿ ಕಾಯ್ದೆಯ ರಕ್ಷಣೆಯಿದೆ. ಪಂದ್ಯ ನಡೆಸುವ ಪ್ರವರ್ತಕ ಎಷ್ಟು ಗಳಿಸಿದ ಎಂಬುದನ್ನು ಆಟಗಾರನಿಗೆ ತಿಳಿಸಲೇಬೇಕು. ಆ ಕಾಯ್ದೆಗೆ ದುಡಿದವರು ಮತ್ತದೇ ಮೆಕೇನ್. ಅದನ್ನು ಎಂಎಂಎಗೂ ವಿಸ್ತರಿಸಿ ಎಂದು 2016ರಲ್ಲಿ ಮಸೂದೆ ತಂದವರು ಓಕ್ಲಹೋಮಾದ ಮಾರ್ಕ್‌ವೇನ್ ಮಲಿನ್, ಸ್ವತಃ ಎಂಎಂಎ ಆಡಿದ ರಿಪಬ್ಲಿಕನ್. ಅದು ಪಾಸಾಗಲಿಲ್ಲ. ಮುಂದಿನ ಸಲ ಯಾರಾದರೂ ರಿಪಬ್ಲಿಕನ್ ನಾಯಕ ಪಂಜರದ ಪಕ್ಕ ಕೂತು ಕೈ ಬೀಸಿದರೆ, ಆ ಮಸೂದೆಯ ಬಗ್ಗೆ ಅವರ ನಿಲುವೇನೆಂದು ಹುಡುಕಿ ನೋಡಿ.